ಶಾಲೆಯ ಲೇಸರ್ ಕೋಣೆಯ ಕೀಲಿ ಯಾರ ಕೈಯಲ್ಲಿರಬೇಕು?

ಶಹಾಪುರ ತಾಲ್ಲೂಕಿನ ವಿಜ್ಞಾನ ಶಿಕ್ಷಕ:

ಎಲ್ಲರಿಗೂ ಶರಣು. ನಾನು ಸರಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಎರಡು ವರ್ಷಗಳ ಹಿಂದೆ ದಾನಿಯೊಬ್ಬರ ನೆರವಿನಿಂದ ನಮ್ಮ ಶಾಲೆಗೆ ಬೆಳಕಿನ ಪ್ರಯೋಗಗಳ ಸಾಮಾನು ಬಂದಿತು: ಒಂದು ಮಿಲಿವಾಟ್ ಮೀರದ ಎರಡು ಕೆಂಪು ಲೇಸರ್‌ಗಳು, ಮಸೂರಗಳು, ಕನ್ನಡಿಗಳು, ಬಿದ್ದ ಬೆಳಕಿನ ಅರ್ಧವನ್ನು ಬಿಟ್ಟು ಅರ್ಧವನ್ನು ಹಿಂದಕ್ಕೆ ಕಳುಹಿಸುವ ಒಂದು ಗಾಜು, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಎರಡು ಧ್ರುವೀಕಾರಕಗಳು ಮತ್ತು ಕಿರಣವನ್ನು ಹಲವು ಚುಕ್ಕೆಗಳಾಗಿ ಒಡೆಯುವ, ಮಿಲಿಮೀಟರಿಗೆ 300 ಗೀರುಗಳಿರುವ ಒಂದು ಗ್ರೇಟಿಂಗ್. ಹಳೆಯ ಉಗ್ರಾಣದ ಕಿಟಕಿಗೆ ಕಪ್ಪು ಬಟ್ಟೆ ಹೊಡೆದು ಅದನ್ನೇ ಲೇಸರ್ ಕೋಣೆ ಎಂದು ಕರೆದೆವು.

ಇಷ್ಟು ದಿನ ನಡೆದ ಕ್ರಮ ಹೀಗಿತ್ತು. ಮುಂಜಾನೆ ಬೇಗ ಬಂದು ನಾನೊಬ್ಬನೇ ಎಲ್ಲವನ್ನೂ ಹೊಂದಿಸಿಡುತ್ತಿದ್ದೆ. ಹತ್ತನೆಯ ತರಗತಿಯ 52 ಮಕ್ಕಳು ಸಾಲಾಗಿ ಒಳಗೆ ಬಂದು ಗೋಡೆಯ ಮೇಲಿನ ಕೆಂಪು ಚುಕ್ಕೆಗಳನ್ನು ನೋಡಿ, ಚಪ್ಪಾಳೆ ತಟ್ಟಿ, ಹೊರಗೆ ಹೋಗುತ್ತಿದ್ದರು. ನಾನು ಕೀಲಿ ಹಾಕುತ್ತಿದ್ದೆ. ಕಳೆದ ತಿಂಗಳು ಗೌಂಡಿ ಕೆಲಸದವರ ಮಗನೊಬ್ಬ, ಪರೀಕ್ಷೆಯಲ್ಲಿ ಎಂದೂ ಮುಂದಿನ ಸಾಲಿಗೆ ಬರದ ಹುಡುಗ, ‘ಸರ್, ಈ ಕನ್ನಡಿ ಯಾರು ಕೂಡಿಸ್ಯಾರ?’ ಎಂದು ಕೇಳಿದ. ನಾನೇ ಎಂದೆ. ‘ಹಂಗಾದ್ರ ಪ್ರಯೋಗ ನೀವು ಮಾಡೀರಿ, ನಾವು ನೋಡೀವಿ’ ಎಂದು ಸುಮ್ಮನಾದ. ಆ ಮಾತು ನನಗೆ ನಾಟಿತು.

ಮುಂದಿನ ಶನಿವಾರ ಎಂಟು ಮಕ್ಕಳಿಗೆ ಖಾಲಿ ಮೇಜನ್ನು ಬಿಟ್ಟುಕೊಟ್ಟೆ. ಹತ್ತು ನಿಮಿಷದಲ್ಲಿ ನಾನು ಹೊಂದಿಸುವ ಕಿರಣವನ್ನು ಹೊಂದಿಸಲು ಅವರಿಗೆ ಎರಡು ಶನಿವಾರಗಳು ಬೇಕಾದವು. ಆದರೆ ಆ ಹುಡುಗ, ಅಪ್ಪನ ಜೊತೆ ನೀರು ತುಂಬಿದ ಪಾರದರ್ಶಕ ಪೈಪಿನಿಂದ ಗೋಡೆಯ ಮಟ್ಟ ಹಿಡಿದು ಅಭ್ಯಾಸವಿದ್ದವನು, ಮೊದಲು ಲೇಸರ್‌ನ ಎತ್ತರವನ್ನು ಹತ್ತಿರದ ಗೋಡೆಯ ಮೇಲೂ ದೂರದ ಗೋಡೆಯ ಮೇಲೂ ಗುರುತು ಹಾಕಿ ಸರಿಮಾಡಬೇಕು, ಆಮೇಲೆ ಮಸೂರ ಇಡಬೇಕು ಎಂದು ಯಾರೂ ಹೇಳಿಕೊಡದೆ ಕಂಡುಕೊಂಡ. ಈಗ ನನ್ನ ಪ್ರಶ್ನೆ: ಮಕ್ಕಳ ಪಾಲ್ಗೊಳ್ಳುವಿಕೆ ಎಂದರೆ ಗುಂಡಿ ಒತ್ತಿಸುವುದೋ, ಜೋಡಣೆಯನ್ನೇ ಅವರಿಗೆ ಒಪ್ಪಿಸುವುದೋ? ಒಪ್ಪಿಸಿದರೆ ಕೋಣೆಯ ಕೀಲಿಯನ್ನೂ ಕೊಡಬೇಕಾಗುತ್ತದೆ. ನಮ್ಮ ಸಿಬ್ಬಂದಿಯಲ್ಲಿ ಇದಕ್ಕೆ ಒಮ್ಮತವಿಲ್ಲ.

ನಿವೃತ್ತ ಮುಖ್ಯಗುರು, ಸೇಡಂ:

ಗುರುಗಳೇ, ನಿಮ್ಮ ಉತ್ಸಾಹವನ್ನು ಮೆಚ್ಚುತ್ತೇನೆ, ಆದರೆ ಕೀಲಿ ಹಾಕುವವರೆಲ್ಲ ಮಕ್ಕಳ ವಿರೋಧಿಗಳೆಂಬ ಧ್ವನಿ ನಿಮ್ಮ ಬರಹದಲ್ಲಿದೆ. ಮೂವತ್ತೊಂದು ವರ್ಷ ನಾನೂ ಕೀಲಿ ಹಾಕಿದ್ದೇನೆ. ಮಸೂರವೊಂದು ಒಡೆದರೆ ದಾಸ್ತಾನು ಪುಸ್ತಕದಲ್ಲಿ ಅದು ಇದೆ ಎಂದೇ ಇರುತ್ತದೆ. ತಪಾಸಣೆಗೆ ಬಂದವರು ಬೀರುವಿನಲ್ಲಿ ಏಕೆ ಇಲ್ಲ ಎಂದು ಕೇಳುತ್ತಾರೆ. ಉತ್ತರ ಕೊಡಬೇಕಾದವನು, ಕೆಲವೊಮ್ಮೆ ಸ್ವಂತ ಜೇಬಿನಿಂದ ತುಂಬಬೇಕಾದವನು, ಶಿಕ್ಷಕನೇ. ಒಂದು ಸೂಕ್ಷ್ಮದರ್ಶಕದ ವಿಷಯದಲ್ಲಿ ನಾನು ಮೂರು ವರ್ಷ ಪತ್ರವ್ಯವಹಾರ ಮಾಡಿದ್ದೇನೆ. ನಮ್ಮ ಶಾಲೆಗಳ ಉಪಕರಣಗಳು ಹೊಸದಾಗಿಯೇ ಹಳತಾಗುವುದಕ್ಕೆ ಶಿಕ್ಷಕರ ಸೋಮಾರಿತನ ಒಂದೇ ಕಾರಣವಲ್ಲ.

ಎರಡನೆಯದಾಗಿ, ಇದು ಲೇಸರ್. ಮಕ್ಕಳ ಕಣ್ಣಿನ ವಿಷಯ. ಬ್ಯೂರೆಟ್ ಒಡೆದರೆ ಹೊಸದು ತರಬಹುದು.

ಕಣ್ಣಿನ ವೈದ್ಯೆ, ಕಲಬುರಗಿ:

ಮುಖ್ಯಗುರುಗಳ ಎರಡನೆಯ ಮಾತಿಗೆ ನಾನು ಉತ್ತರಿಸಬೇಕು. ಹೆದರಿಕೆ ಸರಿಯಾದುದೇ, ಆದರೆ ಅದು ಸರಿಯಾದ ವಸ್ತುವಿನ ಮೇಲೆ ಇರಬೇಕು.

ಲೇಸರ್‌ನ ಬೆಳಕು ಹರಡದೆ ಸಮಾನಾಂತರವಾಗಿ ಬರುವುದರಿಂದ ಕಣ್ಣಿನ ಮಸೂರ ಅದನ್ನು ಅಕ್ಷಿಪಟಲದ ಮೇಲೆ ಅತಿ ಚಿಕ್ಕ ಚುಕ್ಕೆಯಾಗಿ ಕೇಂದ್ರೀಕರಿಸುತ್ತದೆ. ಕತ್ತಲೆಯಲ್ಲಿ ಪಾಪೆ 7 ಮಿಲಿಮೀಟರಿನವರೆಗೆ ಹಿಗ್ಗಿರುತ್ತದೆ. ಆ ಬೆಳಕೆಲ್ಲ ಸುಮಾರು 20 ಮೈಕ್ರೋಮೀಟರಿನ ಚುಕ್ಕೆಗೆ ಇಳಿದರೆ ಅದರ ತೀವ್ರತೆ ಒಂದು ಲಕ್ಷ ಪಟ್ಟಿಗೂ ಹೆಚ್ಚಾಗುತ್ತದೆ. ಅಕ್ಷಿಪಟಲಕ್ಕೆ ನೋವು ತಿಳಿಯುವುದಿಲ್ಲ. ಸುಟ್ಟದ್ದು ಗೊತ್ತಾಗುವುದು ದೃಷ್ಟಿಯ ನಡುವೆ ಕಲೆ ಕಂಡಾಗಲೇ. ಇಷ್ಟು ಹೇಳಿದ ಮೇಲೆ ಇನ್ನೊಂದು ಬದಿಯನ್ನೂ ಹೇಳಬೇಕು. ಲೇಸರ್‌ಗಳನ್ನು ಅಪಾಯಕ್ಕೆ ತಕ್ಕಂತೆ ದರ್ಜೆಗಳಾಗಿ ವಿಂಗಡಿಸುತ್ತಾರೆ. ನಿಮ್ಮಲ್ಲಿರುವಂಥ ಎರಡನೆಯ ದರ್ಜೆಯ ಲೇಸರ್‌ಗೆ ಒಂದು ಮಿಲಿವಾಟ್ ಮಿತಿ ಇಟ್ಟಿರುವುದು ಲೆಕ್ಕ ಹಾಕಿಯೇ: ಕಣ್ಣಿಗೆ ಪ್ರಖರ ಬೆಳಕು ಬಿದ್ದಾಗ ಸುಮಾರು ಕಾಲು ಸೆಕೆಂಡಿನಲ್ಲಿ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತದೆ, ಅಷ್ಟು ಹೊತ್ತಿಗೆ ಆ ಪ್ರಮಾಣದಿಂದ ಹಾನಿಯಾಗುವುದಿಲ್ಲ. ಬೇಕೆಂದೇ ದಿಟ್ಟಿಸಿ ನೋಡಿದರೆ ಮಾತ್ರ ಆ ರಕ್ಷಣೆ ಕೆಲಸ ಮಾಡುವುದಿಲ್ಲ.

ನನ್ನ ನಿಜವಾದ ಆತಂಕ ಜಾತ್ರೆಯ ಅಂಗಡಿಗಳಲ್ಲಿ ಸಿಗುವ ಹಸಿರು ಲೇಸರ್. 532 ನ್ಯಾನೋಮೀಟರ್ ತರಂಗಾಂತರದ ಆ ಹಸಿರು ನೇರವಾಗಿ ಹುಟ್ಟುವುದಲ್ಲ. ಒಳಗೆ 808 ನ್ಯಾನೋಮೀಟರಿನ ಡಯೋಡ್ ಒಂದು ಹರಳನ್ನು ಪ್ರಚೋದಿಸಿ 1064 ನ್ಯಾನೋಮೀಟರಿನ ಬೆಳಕನ್ನು ಹುಟ್ಟಿಸುತ್ತದೆ, ಇನ್ನೊಂದು ಹರಳು ಆ ತರಂಗಾಂತರವನ್ನು ಅರ್ಧಕ್ಕೆ ಇಳಿಸುತ್ತದೆ. ಮೊದಲ ಎರಡೂ ಕಣ್ಣಿಗೆ ಕಾಣದ ಅವಕೆಂಪು. ಅಗ್ಗದ ಲೇಸರ್‌ಗಳಲ್ಲಿ ಅದನ್ನು ತಡೆಯುವ ಶೋಧಕ ಗಾಜು ಇಲ್ಲದಿದ್ದರೆ ಹಸಿರಿನ ಜೊತೆ ಅವಕೆಂಪೂ ಹೊರಬರುತ್ತದೆ, ಕಾಣದ ಬೆಳಕಿಗೆ ರೆಪ್ಪೆ ಮುಚ್ಚುವುದಿಲ್ಲ. ಹಾಗಾಗಿ ಶಾಲೆಯ ಕೋಣೆಯಲ್ಲಿ ಚೀಟಿ ಅಂಟಿಸಿದ ಕೆಂಪು ಲೇಸರ್ ಮಾತ್ರ ಇರಲಿ, ಮನೆಯಿಂದ ತಂದ ಯಾವುದೂ ಒಳಗೆ ಬರದಿರಲಿ. ಈ ನಿಯಮವನ್ನು ಪಾಲಿಸಿದರೆ ಜೋಡಣೆಯನ್ನು ಮಕ್ಕಳಿಗೆ ಬಿಡುವುದಕ್ಕೆ ವೈದ್ಯೆಯಾಗಿ ನನ್ನ ಆಕ್ಷೇಪವಿಲ್ಲ. ಕಿರಣ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ತಾನೇ ಹೊಂದಿಸಿದ ಹುಡುಗನಿಗೆ ತಿಳಿದಿರುತ್ತದೆ. ಹಿಂದಿನ ಸಾಲಿನಲ್ಲಿ ನಿಂತು ಇಣುಕುವವನಿಗೆ ತಿಳಿದಿರುವುದಿಲ್ಲ.

ಪಾಲಕರು, ಚಿತ್ತಾಪುರ:

ಚರ್ಚೆ ಚೆನ್ನಾಗಿದೆ. ನನ್ನ ಮಗಳು ಈ ವರ್ಷ ಎಸ್‌ಎಸ್‌ಎಲ್‌ಸಿ. ಪರೀಕ್ಷೆ 80 ಅಂಕಗಳಿಗೆ ಲಿಖಿತ, ಆಂತರಿಕ ಮೌಲ್ಯಮಾಪನ 20. ಎರಡು ಶನಿವಾರ ಒಂದು ಕನ್ನಡಿಯನ್ನು ತಿರುಗಿಸಿದ್ದಕ್ಕೆ ಎಷ್ಟು ಅಂಕ? ಕಟುವಾಗಿ ಕೇಳುತ್ತಿಲ್ಲ, ತಿಳಿದುಕೊಳ್ಳಲು ಕೇಳುತ್ತಿದ್ದೇನೆ.

ಪಿಯು ಕಾಲೇಜಿನ ಉಪನ್ಯಾಸಕಿ, ಬೀದರ್:

ಚಿತ್ತಾಪುರದ ಅಣ್ಣನವರ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಹತ್ತನೆಯ ತರಗತಿಯಲ್ಲಿ ಅದಕ್ಕೆ ಅಂಕ ಬಹಳವಿಲ್ಲ ಎಂಬುದು ನಿಜ. ಆದರೆ ಅಲ್ಲಿ ಕಲಿಯದೆ ಬಿಟ್ಟದ್ದರ ಬೆಲೆ ಎರಡು ವರ್ಷಗಳ ಅನಂತರ ನನ್ನ ಮೇಜಿನ ಮೇಲೆ ಬಂದು ಬೀಳುತ್ತದೆ.

ಗ್ರೇಟಿಂಗ್‌ನಿಂದ ಲೇಸರ್‌ನ ತರಂಗಾಂತರ ಅಳೆಯುವ ಪ್ರಯೋಗವನ್ನು ತೆಗೆದುಕೊಳ್ಳಿ. ಮಿಲಿಮೀಟರಿಗೆ 300 ಗೀರು, ಪರದೆ ಒಂದು ಮೀಟರ್ ದೂರ. ನಡುವಿನ ಚುಕ್ಕೆಯಿಂದ ಮೊದಲ ಚುಕ್ಕೆಗೆ ವಿದ್ಯಾರ್ಥಿನಿ ಅಳೆದದ್ದು 20.1 ಸೆಂಟಿಮೀಟರ್, ಲೆಕ್ಕ ಹಾಕಿದಾಗ ಬಂದದ್ದು 657 ನ್ಯಾನೋಮೀಟರ್. ಅವಳು ಅದನ್ನು ಅಳಿಸಿ 650 ಎಂದು ಬರೆದು, ಅದಕ್ಕೆ ತಕ್ಕಂತೆ 20.1 ಅನ್ನೂ 19.9 ಎಂದು ತಿದ್ದಿ ತಂದಳು. ಏಕೆ ಎಂದು ಕೇಳಿದರೆ, ‘ಮೇಡಂ, 650 ಬರಬೇಕಲ್ಲ’ ಎಂದಳು. ಹೈಸ್ಕೂಲಿನಲ್ಲಿ ಯಾರೋ ಒಮ್ಮೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದರಂತೆ.

ಆ ಲೇಸರ್‌ನ ಚೀಟಿಯ ಮೇಲೆ ಅಚ್ಚಾಗಿರುವುದು 630ರಿಂದ 680 ಎಂದು! 650 ಎಂಬುದು ವ್ಯಾಪಾರದ ಹೆಸರು ಮಾತ್ರ. ಅದೂ ಅಲ್ಲದೆ ಡಯೋಡ್ ಲೇಸರ್‌ನ ತರಂಗಾಂತರ ಸ್ಥಿರವಲ್ಲ. ಕೆಂಪು ಡಯೋಡಿನಲ್ಲಿ ತಾಪಮಾನ ಒಂದು ಡಿಗ್ರಿ ಏರಿದರೆ ಸುಮಾರು 0.2 ನ್ಯಾನೋಮೀಟರ್ ಹೆಚ್ಚುತ್ತದೆ. ಕಾರ್ಖಾನೆಯಲ್ಲಿ 25 ಡಿಗ್ರಿಯಲ್ಲಿ ಪರೀಕ್ಷಿಸಿದ ಡಯೋಡನ್ನು ನಮ್ಮ ಏಪ್ರಿಲ್ಲಿನ 42 ಡಿಗ್ರಿಯಲ್ಲಿ ಹೊತ್ತಿಸಿದರೆ ಮೂರು ನಾಲ್ಕು ನ್ಯಾನೋಮೀಟರ್ ಅಲ್ಲಿಯೇ ಸರಿಯುತ್ತದೆ. ಚುಕ್ಕೆಯ ಸ್ಥಾನದಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಇನ್ನು ಮೂರು. ಅವಳ 657 ಪ್ರಾಮಾಣಿಕ ಉತ್ತರವಾಗಿತ್ತು. ಅವಳು ಅಳಿಸಿದ್ದು ತನ್ನ ಕಣ್ಣು ಕಂಡದ್ದನ್ನು.

ಜೋಡಣೆಯನ್ನು ಬೇರೆಯವರು ಮಾಡಿಟ್ಟಾಗ ಮಕ್ಕಳಿಗೆ ಉಳಿಯುವ ಕೆಲಸ ಉತ್ತರವನ್ನು ಹೊಂದಿಸುವುದೊಂದೇ. ನನ್ನ ಈಗಿನ ತರಗತಿಯಲ್ಲಿ ಲೇಸರ್‌ಗಳ ಮೇಲಿನ ಚೀಟಿಗಳನ್ನು, ಎಚ್ಚರಿಕೆಯ ಗುರುತೊಂದನ್ನು ಬಿಟ್ಟು, ಕಾಗದದಿಂದ ಮುಚ್ಚಿದ್ದೇನೆ. ಯಾರಿಗೂ ಉತ್ತರ ಮೊದಲೇ ಗೊತ್ತಿಲ್ಲ. ಮೊದಲ ವಾರ ಅಳುಕು. ಎರಡನೆಯ ವಾರದಿಂದ ಎರಡು ಗುಂಪುಗಳು ತಮ್ಮ ತಮ್ಮ ಅಂಕಿಗಳಿಗಾಗಿ ಜಗಳವಾಡತೊಡಗಿದವು. ಆ ಜಗಳವನ್ನು ಕೇಳುವುದೇ ಒಂದು ಸಂತೋಷ.

ಹಳೆಯ ವಿದ್ಯಾರ್ಥಿನಿ, ಶಹಾಬಾದ್ (ಈಗ ಬಿ.ಎಸ್ಸಿ. ಎರಡನೆಯ ವರ್ಷ):

ಗುರುಗಳಿಗೆಲ್ಲ ನಮಸ್ಕಾರ. ಮಕ್ಕಳ ಕಡೆಯಿಂದ ಯಾರೂ ಮಾತನಾಡಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ನಮ್ಮ ವಿಜ್ಞಾನದ ಮೇಡಂ ಐದು ಹುಡುಗಿಯರಿಗೆ ಮೈಕೆಲ್ಸನ್ ವ್ಯತಿಕರಣ ಮಾಪಕ ಕಟ್ಟಲು ಬಿಟ್ಟಿದ್ದರು. ಒಂದು ಕಿರಣವನ್ನು ಎರಡಾಗಿ ಸೀಳಿ, ಎರಡು ಕನ್ನಡಿಗಳಿಂದ ಹಿಂದಿರುಗಿಸಿ, ಮತ್ತೆ ಕೂಡಿಸಿದರೆ ಪರದೆಯ ಮೇಲೆ ಕೆಂಪು ಕಪ್ಪು ಪಟ್ಟಿಗಳು ಬರಬೇಕು. ಕನ್ನಡಿಯೊಂದು 325 ನ್ಯಾನೋಮೀಟರ್ ಸರಿದರೂ ಒಂದು ಪೂರ್ತಿ ಪಟ್ಟಿ ದಾಟಿಹೋಗುತ್ತದೆ. ಕಟ್ಟಿಗೆಯ ಮೇಜಿನ ಮೇಲೆ ನಮಗೆ ಪಟ್ಟಿಗಳೇ ಕಾಣಲಿಲ್ಲ. ಯಾರಾದರೂ ಕೆಮ್ಮಿದರೆ ಎಲ್ಲ ಕಲಸಿಹೋಗುತ್ತಿತ್ತು. ನಮ್ಮೂರಿನಲ್ಲಿ ಫರಸಿ ಕಲ್ಲಿಗೆ ಬರವಿಲ್ಲವಷ್ಟೇ. ಗೆಳತಿಯೊಬ್ಬಳ ಮನೆಯಿಂದ ದಪ್ಪನೆಯ ಒಂದು ಶಹಾಬಾದ್ ಕಲ್ಲನ್ನು ಕೈಗಾಡಿಯಲ್ಲಿ ತಂದೆವು, ಅದರ ಕೆಳಗೆ ಸ್ಕೂಟರ್ ಚಕ್ರದ ಎರಡು ಹಳೆಯ ಟ್ಯೂಬುಗಳಿಗೆ ಅರ್ಧ ಗಾಳಿ ತುಂಬಿ ಇಟ್ಟೆವು. ಟ್ಯೂಬಿನ ಗಾಳಿ ನೆಲದ ನಡುಕವನ್ನು ಮೇಲಕ್ಕೆ ಬಿಡುವುದಿಲ್ಲ, ಕಲ್ಲಿನ ಭಾರ ಉಳಿದದ್ದನ್ನು ನುಂಗುತ್ತದೆ. ಎರಡು ಕನ್ನಡಿಗಳ ದೂರವನ್ನೂ ಸಮವಾಗಿಟ್ಟೆವು, ಏಕೆಂದರೆ ಅಗ್ಗದ ಡಯೋಡಿನ ಬೆಳಕು ದೂರ ಹೋದಷ್ಟೂ ತನ್ನ ಲಯವನ್ನು ಉಳಿಸಿಕೊಳ್ಳುವುದಿಲ್ಲ. ಪಂಖ ನಿಲ್ಲಿಸಿ, ಉಸಿರು ಬಿಗಿಹಿಡಿದು ನಿಂತೆವು. ಪಟ್ಟಿಗಳು ಬಂದವು.

ಆದರೂ ಅವು ಆಗಾಗ ನಡುಗುತ್ತಿದ್ದವು. ಏಕೆಂದು ನಾಲ್ಕು ದಿನ ತಿಳಿಯಲಿಲ್ಲ. ನಡುಗಿದ ಹೊತ್ತನ್ನೆಲ್ಲ ಬರೆದಿಟ್ಟಾಗ ಒಬ್ಬಳು ಅದನ್ನು ವಾಡಿ ಕಡೆಗೆ ಹೋಗುವ ರೈಲುಗಳ ಹೊತ್ತಿಗೆ ತಾಳೆ ನೋಡಿದಳು. ಸೀಟಿ ಕೇಳಿಸುವ ಮೊದಲೇ ನಮ್ಮ ಪಟ್ಟಿಗಳು ರೈಲನ್ನು ಹೇಳುತ್ತಿದ್ದವು. ಈಗ ಕಾಲೇಜಿನಲ್ಲಿ ಗುರುತ್ವ ತರಂಗಗಳ ಬಗ್ಗೆ ಓದುವಾಗ, ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಢಾ ನಾಗನಾಥದ ಬಳಿ ಆ ತರಂಗಗಳನ್ನು ಹಿಡಿಯಲೆಂದು 4 ಕಿಲೋಮೀಟರ್ ಉದ್ದದ ತೋಳುಗಳುಳ್ಳ ಲೈಗೋ ವೀಕ್ಷಣಾಲಯಕ್ಕೆ 2023ರಲ್ಲಿ ಮಂಜೂರಾತಿ ಸಿಕ್ಕಿತೆಂದು ತಿಳಿದಾಗ, ಅದು ನನಗೆ ಅಪರಿಚಿತ ಯಂತ್ರ ಎನ್ನಿಸಲಿಲ್ಲ. ಅದರ ಮೂಲವೂ ಸೀಳಿದ ಕಿರಣವೇ, ಅವರ ದೊಡ್ಡ ತಲೆನೋವೂ ನೆಲದ ನಡುಕವೇ. ಬೀದರ್ ಗಡಿಯಾಚೆ ನಾಂದೇಡ್, ಅದರಾಚೆ ಹಿಂಗೋಲಿ, ಅಷ್ಟೇ ದೂರ.

ಇನ್ನೆರಡು ಮಾತುಗಳು, ಹುಡುಗಿಯರ ವಿಷಯದ್ದು. ಗಾಜಿನ ಬಳೆ, ಉಂಗುರ, ಕೈಗಡಿಯಾರದ ಸ್ಟೀಲ್ ಪಟ್ಟಿ ಇವು ಕಿರಣಕ್ಕೆ ಅಡ್ಡ ಬಂದರೆ ಬೆಳಕು ಯಾವ ಕಡೆಗೆ ಸಿಡಿಯುತ್ತದೆ ಎಂದು ಹೇಳಲಾಗದು. ಬಳೆ ತೆಗೆಯಿರಿ ಎಂದರೆ ಕೆಲವರ ಮನೆಯಲ್ಲಿ ಒಪ್ಪುವುದಿಲ್ಲ, ಆ ಒಂದು ನೆಪದಿಂದ ಹುಡುಗಿ ಕೋಣೆಗೇ ಬರುವುದಿಲ್ಲ. ನಮ್ಮ ಮೇಡಂ ಹಳೆಯ ಕಪ್ಪು ಕಾಲುಚೀಲಗಳ ತುದಿ ಕತ್ತರಿಸಿ ಮಣಿಕಟ್ಟಿಗೆ ತೊಡಿಸಿದರು, ಬಳೆಗಳು ಒಳಗೇ ಉಳಿದವು. ಎರಡನೆಯದು: ಶಾಲೆ ಬಿಟ್ಟ ಮೇಲೆ ಪ್ರಯೋಗ ಎಂದರೆ ಕೊನೆಯ ಬಸ್ಸಿಗೆ ಹೋಗಬೇಕಾದವರು ಮೊದಲ ದಿನವೇ ಹೊರಗಾಗುತ್ತಾರೆ. ಶನಿವಾರ ಮುಂಜಾನೆಯ ಹೊತ್ತೇ ಸರಿ.

ಉರ್ದು ಶಾಲೆಯ ಶಿಕ್ಷಕ, ಹುಮನಾಬಾದ್:

ಕಾಲುಚೀಲದ ಉಪಾಯವನ್ನು ನಾಳೆಯೇ ಜಾರಿಗೆ ತರುತ್ತೇನೆ, ಮಗಳೇ. ಬೀದರ್ ಜಿಲ್ಲೆಯವರು ಮೇಜಿನ ಮೇಲೆ ಬಿದ್ರಿ ಹೂದಾನಿ ಇಡುವ ಅಭ್ಯಾಸವನ್ನೂ ಆ ಕೋಣೆಯ ಮಟ್ಟಿಗೆ ಬಿಡಬೇಕು. ಅದರ ಕಪ್ಪು ಮೈಯಿಂದ ತೊಂದರೆಯಿಲ್ಲ, ಬೆಳ್ಳಿಯ ಎಳೆಗಳು ಮಾತ್ರ ಕಿರಣವನ್ನು ಎಲ್ಲಿಗೆ ಬೇಕಾದರೂ ಎಸೆಯುತ್ತವೆ. ನಗೆಗಾಗಿ ಹೇಳಿದ್ದಲ್ಲ, ಅತಿಥಿಗಳು ಬಂದ ದಿನ ಇದು ನಡೆದೇ ನಡೆಯಿತು.

ನಮ್ಮಲ್ಲಿ ಉರ್ದು, ಕನ್ನಡ, ಮರಾಠಿ ಮೂರೂ ಮನೆಮಾತಿನ ಮಕ್ಕಳಿದ್ದಾರೆ. ಲೇಸರ್ ಹೊತ್ತಿಸುವ ಮುನ್ನ ಯಾವ ಭಾಷೆಯಲ್ಲಿ ಕೂಗಬೇಕು ಎಂಬ ಪ್ರಶ್ನೆ ಬಂದಾಗ ಮಕ್ಕಳೇ ತೀರ್ಮಾನಿಸಿದರು: ಹೊತ್ತಿಸುವವನು ತನ್ನ ಭಾಷೆಯಲ್ಲಿ ಕೂಗಬೇಕು, ಉಳಿದವರೆಲ್ಲ ‘ಹೂಂ’ ಎಂದ ಮೇಲೆಯೇ ಗುಂಡಿ ಒತ್ತಬೇಕು. ಸಾಮಾನಿಗೆ ದುಡ್ಡಿಲ್ಲದವರಿಗೆ ಒಂದು ಸೂಚನೆ. ಗ್ರೇಟಿಂಗ್ ಇಲ್ಲದಿದ್ದರೆ ಹಳೆಯ ಸಿಡಿ ಸಾಕು. ಅದರ ಸಾಲುಗಳ ನಡುವಿನ ಅಂತರ 1.6 ಮೈಕ್ರೋಮೀಟರ್, ಡಿವಿಡಿಯದು 0.74. ಕೆಂಪು ಕಿರಣ ಸಿಡಿಯಿಂದ ಸುಮಾರು 24 ಡಿಗ್ರಿ ಬಾಗಿದರೆ ಡಿವಿಡಿಯಿಂದ 61 ಡಿಗ್ರಿಯಷ್ಟು ಬಾಗುತ್ತದೆ. ಸಾಲುಗಳು ಒತ್ತಾಗಿದ್ದಷ್ಟೂ ಕಿರಣ ಹೆಚ್ಚು ಬಾಗುತ್ತದೆ ಎಂದು ಕಂಡ ಮಕ್ಕಳಿಗೆ ಯಾವುದರಲ್ಲಿ ಹೆಚ್ಚು ಹಾಡು ಹಿಡಿಯುತ್ತದೆ ಎಂದು ಆಮೇಲೆ ಪಾಠ ಹೇಳಬೇಕಾಗಲಿಲ್ಲ.

ಶಹಾಪುರ ತಾಲ್ಲೂಕಿನ ವಿಜ್ಞಾನ ಶಿಕ್ಷಕ:

ಎಲ್ಲರ ಮಾತುಗಳನ್ನೂ ಮುದ್ರಿಸಿ ಸಿಬ್ಬಂದಿ ಕೊಠಡಿಯಲ್ಲಿ ಅಂಟಿಸಿದ್ದೇನೆ. ಯಾರೂ ಎತ್ತದ ಒಂದು ತೊಡಕನ್ನು ಹೇಳಿಕೊಳ್ಳಬೇಕು. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಅನೇಕ ಮನೆಗಳು ಬೆಂಗಳೂರಿಗೋ ಪುಣೆಗೋ ಗುಳೆ ಹೋಗುತ್ತವೆ, ಮಕ್ಕಳೂ ಜೊತೆಗೆ ಹೋಗುತ್ತಾರೆ. ಮೊದಲು ಹೇಳಿದ ಆ ಎಂಟು ಜನರಲ್ಲಿ ಇಬ್ಬರು ಈಗಾಗಲೇ ಊರಲ್ಲಿಲ್ಲ. ಗೌಂಡಿಯ ಮಗ ಅವರಲ್ಲಿ ಒಬ್ಬ. ಜೋಡಣೆಯ ಜಾಣತನವೆಲ್ಲ ಅವನ ಬೆರಳುಗಳಲ್ಲಿತ್ತು, ಅವನೊಂದಿಗೆ ಅದೂ ಬಸ್ ಹತ್ತಿತು. ಉಳಿದವರು ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು.

ಆಗ ಮಕ್ಕಳಿಗೆ ಒಂದು ದಪ್ಪ ವಹಿಯನ್ನು ಕೊಟ್ಟೆ. ಅದು ಪ್ರಯೋಗಗಳ ಅಂದವಾದ ದಾಖಲೆಯಲ್ಲ. ಆ ದಿನ ಏನು ಮಾಡಿದೆವು, ಎಲ್ಲಿ ಕೆಟ್ಟಿತು, ಮುಂದಿನವರು ಎಲ್ಲಿಂದ ಹಿಡಿಯಬೇಕು ಎಂಬುದನ್ನು ಹೊರಡುವ ಮುನ್ನ ಬರೆಯಬೇಕು, ಅಳಿಸುವಂತಿಲ್ಲ, ನಾನು ತಿದ್ದುವಂತೆಯೂ ಇಲ್ಲ. ಮೊದಲ ಪುಟದಲ್ಲಿ ಹುಡುಗಿಯೊಬ್ಬಳು ಬರೆದದ್ದು: ‘ಎಡಗಡೆ ಕನ್ನಡಿಯ ಹಿಡಿಕೆ ಸಡಿಲ ಅದ. ರಟ್ಟು ಸಿಗಿಸೇವಿ. ತಗೀಬ್ಯಾಡ್ರಿ.’ ಬೀದರ್ ಮೇಡಂ ಹೇಳಿದ ಅಳಿಸುವ ರೋಗಕ್ಕೂ ಇದು ಮದ್ದಾಗಬಹುದೆಂದು ಆಸೆ. ಹುಡುಗ ಮರಳಿ ಬಂದಾಗ ಓದಿ ಅಲ್ಲಿಂದಲೇ ಹಿಡಿಯಬೇಕು. ಹಿಡಿಯುತ್ತಾನೋ ಇಲ್ಲವೋ ಜೂನ್ ತಿಂಗಳಲ್ಲಿ ತಿಳಿಯುತ್ತದೆ.

ನಿವೃತ್ತ ಮುಖ್ಯಗುರು, ಸೇಡಂ:

ವಹಿಯ ಮಾತು ಕೇಳಿ ಒಂದು ಆಡಳಿತದ ಸಲಹೆ ಕೊಡುತ್ತೇನೆ, ನಿಮಗೆ ಉಪಯೋಗವಾಗಬಹುದು. ಕನ್ನಡಿ, ಸಿಡಿ, ಮಸೂರ, ಬ್ಯಾಟರಿ ಇಂಥವನ್ನು ಶಾಶ್ವತ ದಾಸ್ತಾನಿಗೆ ಏರಿಸುವ ಬದಲು ಬಳಕೆಯಿಂದ ಮುಗಿಯುವ ಸಾಮಗ್ರಿಯ ಪುಸ್ತಕಕ್ಕೆ ಏರಿಸಲು ಸಾಧ್ಯವೇ ಎಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ಮುಂದಿಟ್ಟು ನಡಾವಳಿ ಬರೆಸಿಕೊಳ್ಳಿ. ಒಡೆದರೆ ಯಾರು, ಯಾವ ದಿನ, ಹೇಗೆ ಎಂದು ಮಕ್ಕಳ ವಹಿಯಲ್ಲೇ ಇರುವುದರಿಂದ ಶಿಕ್ಷಕನ ತಲೆಗೆ ಬರುವುದು ತಪ್ಪುತ್ತದೆ. ಲೇಸರ್ ಎರಡನ್ನು ಮಾತ್ರ ಶಾಶ್ವತ ದಾಸ್ತಾನಿನಲ್ಲಿಟ್ಟು, ಅವುಗಳ ಬ್ಯಾಟರಿಯನ್ನು ನಿಮ್ಮ ಮೇಜಿನ ಕೀಲಿಯಲ್ಲಿಡಿ. ಕೋಣೆ ತೆರೆದಿರಲಿ, ಬ್ಯಾಟರಿಯಿಲ್ಲದ ಲೇಸರ್ ಬರಿಯ ಕೊಳವೆ. ನೀವು ಬರುವ ಮೊದಲೇ ಮಕ್ಕಳು ಕನ್ನಡಿ, ಮಸೂರಗಳನ್ನು ಕೂಡಿಸಿಕೊಳ್ಳಬಹುದು.

ನಾನು ಕೆಲಸದಲ್ಲಿದ್ದಾಗ ಇದು ಹೊಳೆಯಲಿಲ್ಲ.

ಪಾಲಕರು, ಚಿತ್ತಾಪುರ:

ಮಗಳಿಗೆ ಇಲ್ಲಿಯದನ್ನೆಲ್ಲ ಓದಿ ಹೇಳಿದೆ. ತನ್ನ ಶಾಲೆಯಲ್ಲಿ ಇಂಥ ಕೋಣೆ ಇದೆಯಂತೆ, ತಾನು ಒಮ್ಮೆಯೂ ಒಳಗೆ ಹೋಗಿಲ್ಲವಂತೆ. ಪರೀಕ್ಷೆ ಮುಗಿಯಲಿ ಎಂದಿದ್ದೇನೆ. ಹಾಲು ಬೆರೆಸಿದ ನೀರಿನಲ್ಲಿ ಕಿರಣ ಕಾಣುವುದನ್ನು ಮನೆಯಲ್ಲಿ ಟಾರ್ಚಿನಿಂದ ಮಾಡಿ ತೋರಿಸಿದಳು. ಟಿಂಡಲ್ ಪರಿಣಾಮ, ಪಾಠದಲ್ಲಿದೆ ಎಂದಳು. ನಾನು ಓದುವಾಗ ಇರಲಿಲ್ಲ.

ಶಹಾಪುರ ತಾಲ್ಲೂಕಿನ ವಿಜ್ಞಾನ ಶಿಕ್ಷಕ:

ನಿನ್ನೆಯ ಶನಿವಾರದ ವರದಿ. ಮುಖ್ಯಗುರುಗಳ ಸಲಹೆಯಂತೆ ಬ್ಯಾಟರಿ ನನ್ನ ಬಳಿ, ಕೋಣೆಯ ಕೀಲಿ ವಾರಕ್ಕೊಬ್ಬ ವಿದ್ಯಾರ್ಥಿಯ ಬಳಿ. ಕಚೇರಿಯಲ್ಲಿ ಸಹಿ ಮಾಡಿ ತೆಗೆದುಕೊಂಡು ಹೋಗುತ್ತಾರೆ. ಸಭೆಯಲ್ಲಿ ಒಬ್ಬ ಸದಸ್ಯರು ಬಹಳ ಹೊತ್ತು ವಿರೋಧಿಸಿ, ಕೊನೆಗೆ ಮೂರು ತಿಂಗಳ ಪ್ರಯೋಗಕ್ಕೆ ಒಪ್ಪಿದರು.

ಮಕ್ಕಳು ಆರಿಸಿಕೊಂಡದ್ದು ಕೂದಲಿನ ದಪ್ಪ ಅಳೆಯುವುದನ್ನು. ಕೂದಲನ್ನು ಕಿರಣಕ್ಕೆ ಅಡ್ಡ ಹಿಡಿದರೆ ಬೆಳಕು ಅದರ ಎರಡೂ ಬದಿಗೆ ಬಾಗಿ ಗೋಡೆಯ ಮೇಲೆ ಬಿಟ್ಟು ಬಿಟ್ಟು ಬೀಳುತ್ತದೆ. ಎರಡು ಮೀಟರ್ ದೂರದಲ್ಲಿ ಕಪ್ಪು ಜಾಗಗಳ ನಡುವೆ 1.8 ಸೆಂಟಿಮೀಟರ್ ಅಂತರ ಬಂತು. ತರಂಗಾಂತರವನ್ನು 650 ಎಂದು ಹಿಡಿದರೆ ಕೂದಲು 72 ಮೈಕ್ರೋಮೀಟರ್. (ಹಿಡಿಯಬಾರದು, ಮೊದಲು ಅಳೆಯಬೇಕು ಎಂದು ಒಬ್ಬಳು ಆಕ್ಷೇಪಿಸಿದಳು. ಅವಳಿಗೆ ಬೀದರ್ ಮೇಡಂ ಅವರ ಬರಹವನ್ನು ಯಾರು ತೋರಿಸಿದರೋ ಕಾಣೆ.) ಅಜ್ಜಿಯರ ಬಿಳಿ ಕೂದಲು, ಕುರಿಯ ಉಣ್ಣೆ, ಎಮ್ಮೆಯ ಬಾಲದ ಕೂದಲು ಎಲ್ಲವೂ ಬಂದವು.

ಕಷ್ಟ ಬಂದದ್ದು ಹತ್ತಿಯಲ್ಲಿ. ನಮ್ಮದು ಹತ್ತಿ ಬೆಳೆಯುವ ಸೀಮೆ, ಮಕ್ಕಳಿಗೆ ಅದನ್ನೇ ಅಳೆಯಬೇಕೆಂಬ ಹಟ. ಆದರೆ ಒಂದೇ ಎಳೆಯನ್ನು ಬಿಡಿಸಿ ಹಿಡಿದರೂ ಗೋಡೆಯ ಮೇಲೆ ಸ್ಪಷ್ಟವಾದ ಕಪ್ಪು ಜಾಗಗಳು ಬರಲಿಲ್ಲ, ಎಲ್ಲ ಮಸುಕು. ಕೈ ನಡುಗುತ್ತದೆಯೆಂದು ಮೊದಲು ಒಬ್ಬರನ್ನೊಬ್ಬರು ದೂರಿದರು. ಆಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕೂದಲಿನಂತೆ ಹತ್ತಿಯ ಎಳೆ ಗುಂಡಗಿಲ್ಲ, ಚಪ್ಪಟೆಯಾದ ಪಟ್ಟಿ ಅಲ್ಲಲ್ಲಿ ತಿರುಚಿಕೊಂಡಿದೆ ಎಂದು ತಿಳಿಯಿತು. ಒಂದು ಕಡೆ ಅಗಲ, ಒಂದು ಕಡೆ ಸಪೂರ. ಕಿರಣ ಸುಳ್ಳು ಹೇಳಿರಲಿಲ್ಲ. ಈಗ ಎಳೆಯನ್ನು ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಸರಿಸುತ್ತ ತಿರುವುಗಳನ್ನೇ ಎಣಿಸಬಹುದೇ ಎಂದು ವಹಿಯಲ್ಲಿ ಪ್ರಶ್ನೆ ಬರೆದಿಟ್ಟಿದ್ದಾರೆ. ಅದಕ್ಕೆ ಸಣ್ಣ ತಿರುಪಿನಿಂದ ಮೇಲೆ ಕೆಳಗೆ ಸರಿಯುವ ಹಿಡಿಕೆಯೊಂದು ಬೇಕು. ಹಳೆಯ ಸೂಕ್ಷ್ಮದರ್ಶಕದ ಕಂಬ ಯಾರ ಬಳಿಯಾದರೂ ಗುಜರಿಗೆ ಹಾಕಲು ಇದ್ದರೆ ದಯವಿಟ್ಟು ತಿಳಿಸಿ, ಮಕ್ಕಳನ್ನೇ ಕಳುಹಿಸುತ್ತೇನೆ.